ಹಾಡಿಯ ಜಗಲಿಯಲ್ಲಿ ನನ್ನ ಸರದಿ

ಕೊಣನೂರಿನಾಚೆಯ ಜೇನುಕುರುಬರ ಹಾಡಿಗೆ ಗೆಳತಿ ಸುಮಳ ಜೀಪಿನಲ್ಲಿ ಬಂದಿದ್ದೇನೆ. ಅವಳು ಆಪ್ತಸಮಾಲೋಚಕಿ. ಇಲ್ಲಿ ರಂಗಿ ಎಂಬ ಎಳೆಯ ತಾಯಿ ಮಗು ಸತ್ತಂದಿನಿಂದ ಮಾತು ಬಿಟ್ಟಿದ್ದಾಳೆ, ಈಗ ಅನ್ನವನ್ನೂ ಬಿಡುತ್ತಿದ್ದಾಳೆ. ಬರೀ ಮಾತಾಡಿಸಿದರೆ ದುಃಖ ವಾಸಿಯಾಗುತ್ತದೆಯೇ ಎಂದು ದಾರಿಯುದ್ದಕ್ಕೂ ಚರ್ಚಾಸ್ಪರ್ಧೆಯ ಹುರುಪಿನಲ್ಲಿ ವಾದಿಸಿದ್ದೆ. ಸುಮ ಸುಮ್ಮನಾದಾಗ ಗೆದ್ದೆ ಅಂದುಕೊಂಡೆ.

ಸುಮ ರಂಗಿಯೊಬ್ಬಳನ್ನೇ ಒಳಗೆ ಕರೆದಳು. ರಂಗಿಯ ಅಜ್ಜಿ ತಡೆದಳು.

"ಒಬ್ಬಳ್ನೇ ಯಾಕವ್ವ? ಜಗಲೀಲೇ ಎಲ್ರೂ ಕೂತ್ಕಳಿ. ನಮ್ಮಲ್ಲಿ ದುಃಖ ಕೇಳಾಕ್ ಬಂದೋರು ಮೊದ್ಲು ತಮ್ದೊಂದ್ ಏಳ್ಬೇಕು. ಬರೀ ನಮ್ದು ಈಸ್ಕಂಡೋಗಾಕ್ ಬಂದಿದ್ದೀರಾ?"

ಸುಮ ಚೀಲ ಪಕ್ಕಕ್ಕಿಟ್ಟು ಕೂತಳು. ಹೊಟ್ಟೆಯಲ್ಲೇ ತೀರಿಕೊಂಡ ತನ್ನ ಕೂಸಿನ ವಿಷಯ ಹೇಳಿದಳು. ಇಷ್ಟು ವರ್ಷದ ಸ್ನೇಹದಲ್ಲಿ ನನಗೇ ಅದು ಗೊತ್ತಿರಲಿಲ್ಲ. ರಂಗಿ ತಲೆಯೆತ್ತಿ ಅವಳನ್ನು ನೋಡಿದಳು.

ಅಜ್ಜಿ ನನ್ನತ್ತ ತಿರುಗಿದಳು. "ನಿಂದೇಳಪ್ಪ."

ಹಾಸನದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅಣ್ಣನಿದ್ದಾನೆ. ಅವನೂ ಮಾತು ಬಿಟ್ಟು ಕೂತವನೇ. ಕೇಳಿದವರಿಗೆಲ್ಲ ಬೊಂಬಾಯಿಯಲ್ಲಿ ಕೆಲಸ ಎನ್ನುತ್ತೇವೆ. ಸುಮಳಿಗೂ ಹಾಗೇ ಹೇಳಿದ್ದೇನೆ.

"ನಂಗೇನೂ ಇಲ್ಲಜ್ಜಿ" ಎಂದೆ.

"ಪುಣ್ಯವಂತ ಕಣಪ್ಪ. ಅಂಗಾದ್ರೆ ಅತ್ಲಾಗ್ ಓಗಿ ಕೂತ್ಕ. ಇದ್ನ ನೀನು ಕೇಳ್ಬಾರ್ದು."

ಯಾರ ಮುಖವನ್ನೂ ನೋಡಲಾಗದೆ ಎದ್ದು ಬಂದೆ. ಜೀಪಿನ ನೆರಳಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಜಗಲಿಯ ಮೇಲೆ ರಂಗಿ ಏನೋ ಹೇಳುತ್ತಿದ್ದಾಳೆ. ಇಲ್ಲಿಗೆ ಅವಳ ದನಿಯಷ್ಟೇ ಕೇಳುತ್ತದೆ.