ಘಟ್ಟಕ್ಕೆ ಹೋಗಲು ಅಕ್ಕಿಆಲೂರಿಗೆ ಹೊರಟ ಜೀಪು

ಮದುವೆಯಾಗಿ ಹಾನಗಲ್ಲಿಗೆ ಬಂದು ಎರಡು ವರ್ಷವಾಗಿದ್ದರೂ ನಮ್ಮವರು ಹಗಲು ಹೊತ್ತಿನಲ್ಲಿ ನನ್ನ ಜೊತೆ ನೇರವಾಗಿ ಮಾತಾಡಿದ್ದಿಲ್ಲ. ಜಗಳವೇನೂ ಇರಲಿಲ್ಲ, ಅದು ಆ ಮನೆಯ ಮ್ಯಾನರ್ಸ್. ಹಿರಿಯರ ಎದುರು ಹೆಂಡತಿಯನ್ನು ಮಾತಾಡಿಸುವವನು ಗಂಡಸೇ ಅಲ್ಲ ಅನ್ನುವ ಕಾಲ. ಅವರಿಗೆ ನೀರಡಿಕೆಯಾದರೆ, "ಅವ್ವಾ, ಯಾರರೆ ಒಂದು ತಂಬಿಗಿ ನೀರು ಕೊಡ್ತಾರೇನು ನೋಡು" ಅನ್ನುತ್ತಿದ್ದರು. ಆ 'ಯಾರರೆ' ಅಂದರೆ ನಾನು. ನಾನು ತಂಬಿಗೆಯನ್ನು ಅತ್ತೆಯ ಕೈಗೆ ಕೊಡಬೇಕು, ಅತ್ತೆ ಮಗನ ಕೈಗೆ ಕೊಡಬೇಕು. ನಮ್ಮವರು ವಕೀಲರು. ಎದುರು ಪಾರ್ಟಿಗೆ ಹೇಳಬೇಕಾದದ್ದನ್ನೆಲ್ಲ ಜಡ್ಜ್ ಸಾಹೇಬರ ಕಡೆ ಮುಖ ಮಾಡಿ ಹೇಳುವ ಅಭ್ಯಾಸ ಅವರಿಗೆ ಕೋರ್ಟಿನಲ್ಲಿ ಬಂತೋ ಮನೆಯಲ್ಲೋ, ಗೊತ್ತಿಲ್ಲ.

ಇನ್ನು ರಾತ್ರಿಯ ಮಾತು. ನಮ್ಮ ಕೋಣೆಗೂ ಅತ್ತೆಯ ಮಂಚಕ್ಕೂ ನಡುವೆ ಇದ್ದದ್ದು ಹಲಗೆಯ ಗೋಡೆ. ನಾವು ಪಿಸುಮಾತಿನಲ್ಲೇ ಸಂಸಾರ ಮಾಡಿದವರು. ಒಮ್ಮೆ ನಾನು ಅವರ ಕಿವಿಗೆ ಬಾಯಿಟ್ಟು, ತಲೆ ನೋಯಾಕತ್ತೈತ್ರಿ ಅಂದೆ. ಹಲಗೆಯ ಆಚೆಯಿಂದ ಅತ್ತೆ ಹೇಳಿದರು: "ಸುಂಠಿ ತೇಯ್ದು ಹಚ್ಚಿಕೋ ಯವ್ವಾ, ಮುಂಜಾನಿ ಅನ್ನೂದ್ರಾಗ ಇಳೀತೈತಿ."

ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತು ಬಂದವಳು ನಾನು. ಅಲ್ಲಿಯ ಸಿಸ್ಟರುಗಳು ಬ್ರೆಡ್ಡಿಗೆ ಬೆಣ್ಣೆ ಸವರುವುದು, ಕರವಸ್ತ್ರದ ಅಂಚಿಗೆ ಕಸೂತಿ ಹಾಕುವುದು, ಬಾಗಿಲು ತಟ್ಟಿ ಒಳಗೆ ಹೋಗುವುದು ಎಲ್ಲ ಕಲಿಸಿದ್ದರು. ಬಾಗಿಲು ತಟ್ಟುವ ವಿದ್ಯೆ ಹಾನಗಲ್ಲಿನಲ್ಲಿ ಉಪಯೋಗಕ್ಕೆ ಬರಲೇ ಇಲ್ಲ, ಏಕೆಂದರೆ ಅಲ್ಲಿ ಯಾವ ಬಾಗಿಲೂ ಹಾಕಿರುತ್ತಿರಲಿಲ್ಲ. ಪ್ರೈವಸಿ ಅನ್ನುವ ಶಬ್ದವಂತೂ ಬೇಡ. ಆ ಮನೆಯಲ್ಲಿ ಯಾರಾದರೂ ಒಬ್ಬರೇ ಕೂತರೆ ಹೋದವರು ಬಂದವರೆಲ್ಲ, ಯಾಕ ಆರಾಮಿಲ್ಲೇನು ಅಂತ ಹಣೆ ಮುಟ್ಟಿ ನೋಡುತ್ತಿದ್ದರು.

ಹೀಗಿರುವಾಗ, ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು, ನಮ್ಮವರು ಒಂದು ಜೀಪು ತೆಗೆದುಕೊಂಡರು. ಮಿಲಿಟರಿ ಡಿಸ್ಪೋಸಲ್ಲಿನದು. ಸವಣೂರಿನ ಒಬ್ಬ ಮಿಸ್ತ್ರಿ ಅದನ್ನು ಎಲ್ಲಿಂದಲೋ ತಂದು, ಬಿಚ್ಚಿ, ಮತ್ತೆ ಜೋಡಿಸಿ, ಉಳಿದ ನಟ್ಟು ಬೋಲ್ಟುಗಳನ್ನು ಡಬ್ಬಿಯಲ್ಲಿ ಹಾಕಿ ಜೊತೆಗೇ ಕೊಟ್ಟಿದ್ದ. ಅದರೊಂದಿಗೆ ಒಂದು ಖಾಕಿ ಟೆಂಟೂ ಬಂದಿತ್ತು. ಮಿಸ್ತ್ರಿಗೆ ತನ್ನ ಕೈಕೆಲಸದ ಬಗ್ಗೆ ಬಹಳ ಅಭಿಮಾನ. ಜೀಪಿನೊಳಗೆ ಎರಡು ಲಿವರ್ ಇದ್ದವು. ದೊಡ್ಡದನ್ನು ತೋರಿಸಿ, "ವಕೀಲ ಸಾಬ್, ಇದು ನಿಮ್ಮದು" ಅಂದನಂತೆ. ಸಣ್ಣದನ್ನು ತೋರಿಸಿ, "ಇದು ಸರ್ಕಾರದ್ದು. ನಾಕೂ ಗಾಲಿ ಒಮ್ಮೆಲೆ ಎಳೀತಾವ. ಲಡಾಯಿ ಹತ್ತಿದ್ರ ಮಾತ್ರ ಮುಟ್ರಿ."

ಇದೇ ಫೋರ್-ವ್ಹೀಲ್ ಡ್ರೈವ್. ನಮ್ಮವರಿಗೆ ಲಡಾಯಿತನಕ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು. ಸವಣೂರಿನಿಂದ ನೇರ ಮನೆಗೆ ಬರುವುದು ಬಿಟ್ಟು, ತಡಸದಲ್ಲಿದ್ದ ಗೆಳೆಯನಿಗೆ ತೋರಿಸಲು ಶಿಗ್ಗಾವಿ ಕಡೆ ತಿರುಗಿಸಿದರು. ಹಿಂಗಾರಿ ಮಳೆ ಬಿದ್ದ ಎರೆಹೊಲ ಕಂಡಿತು. ರಸ್ತೆ ಬಿಟ್ಟು ಹೊಲಕ್ಕೆ ಇಳಿಸಿ ಸಣ್ಣ ಲಿವರ್ ಎಳೆದರು. ಎರಡೇ ಗಾಲಿ ಎಳೆದಿದ್ದರೆ ಎರಡೇ ಗಾಲಿ ಹುಗಿಯುತ್ತಿದ್ದವು. ನಾಲ್ಕೂ ಎಳೆದದ್ದಕ್ಕೆ ನಾಲ್ಕೂ ಹುಗಿದವು. ಕೊನೆಗೆ ಒಂದು ಜೋಡಿ ಎತ್ತು ಕಟ್ಟಿ ಎಳೆಸಬೇಕಾಯಿತು. ಆದರೂ ಊರಿಗೆ ಬಂದು, ಗಾಡಿಗೆ ಭಾಳ ತಾಕತ್ತೈತಿ ಅಂತಲೇ ಹೇಳಿದರು.

ಆ ರಾತ್ರಿ ಪಿಸುಮಾತಿನಲ್ಲಿ ಅವರು ನನಗೊಂದು ಪ್ಲಾನ್ ಹೇಳಿದರು. ಶಿರಸಿ ದಾಟಿ ಘಟ್ಟದ ನೆತ್ತಿಯ ಮೇಲೆ ಜೀಪು ಒಯ್ಯುವುದು. ಟೆಂಟ್ ಹೂಡುವುದು. ಎರಡು ರಾತ್ರಿ ಇರುವುದು. ವೀಕೆಂಡ್. ನಾವಿಬ್ಬರೇ. "ಅಲ್ಲಿ ನೀ ಎಷ್ಟು ಜೋರಾಗಿ ಬೇಕಾದ್ರೂ ಮಾತಾಡು" ಅಂದರು. ಕಾನ್ವೆಂಟಿನ ಲೈಬ್ರರಿಯ ಪುಸ್ತಕಗಳಲ್ಲಿ ಬಿಳಿಯರು ಟೆಂಟಿನ ಮುಂದೆ ಮಡಚುವ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಕಪ್ಪು ಹಿಡಿದು, ಸುಮ್ಮನೆ ಮಾತಾಡುತ್ತ ಕೂತ ಚಿತ್ರಗಳನ್ನು ನಾನು ನೋಡಿದ್ದೆ. ನನಗೆ ಘಟ್ಟ ಬೇಕಾಗಿರಲಿಲ್ಲ. ನನಗೆ ಆ ಕುರ್ಚಿಯೂ ಬೇಕಾಗಿರಲಿಲ್ಲ. ಗಂಡನ ಜೊತೆ ಸರಿಯಾದ ಧ್ವನಿಯಲ್ಲಿ ಮಾತಾಡುವುದಷ್ಟೇ ಬೇಕಾಗಿತ್ತು. ಹಾಗೆ ಮಾತಾಡಿದರೆ ಈ ಮನುಷ್ಯ ಹೇಗಿರುತ್ತಾನೆ ಅನ್ನುವುದೇ ನನಗೆ ತಿಳಿದಿರಲಿಲ್ಲ.

ಮರುದಿನ ಊಟಕ್ಕೆ ಕೂತಾಗ ಅವರು ವಿಷಯ ತೆಗೆದರು. ಘಟ್ಟದ ಮೇಲೆ ಬಟ್ಟೆಯ ಮನೆ ಹಾಕಿಕೊಂಡು ಇರುವುದು ಅಂದ ಕೂಡಲೇ ಅತ್ತೆ, ಯಾಕ, ಇದ್ದ ಮನಿಗೆ ಏನಾಗೇತಿ ಅಂದರು. ವೀಕೆಂಡ್ ಅಂದರೇನು ಅಂತ ಕೇಳಿದರು. ವಾರದ ಕೊನೆ ಅಂತ ವಿವರಿಸಿದ್ದಾಯಿತು. ವಾರಕ್ಕೆ ಸಂತೆ ಇರುತ್ತದೆ, ಕೊನೆ ಯಾಕೆ ಇರಬೇಕು ಅನ್ನುವುದು ಅವರ ವಾದ. ಕೊನೆಗೆ ಕೇಳಬಾರದ್ದನ್ನು ಕೇಳಿದರು:

"ಯಾರ್ ಯಾರು ಹೊಂಟೀರಿ?"

ಕೋರ್ಟಿನಲ್ಲಿ ಗಂಟೆಗಟ್ಟಲೆ ವಾದ ಮಾಡುತ್ತಿದ್ದ ನಮ್ಮವರು ತಟ್ಟೆಯ ಕಡೆ ನೋಡಿದರು. ನಾನೂ ಇವಳೂ ಅನ್ನುವುದು ಅವರ ಬಾಯಿಂದ ಹೇಗೆ ಬರಬೇಕು.

"ಎಲ್ಲಾರೂ" ಅಂದರು.

"ಹಂಗಾರ ನಾ ಬರ್ತೇನಿ" ಅಂದರು ಅತ್ತೆ.

ನಾನು ರೊಟ್ಟಿ ಬಡಿಯುವುದನ್ನು ಮುಂದುವರಿಸಿದೆ. ಆ ರೊಟ್ಟಿ ಬಹಳ ತೆಳ್ಳಗಾಯಿತು ಅಂತ ನೆನಪು.

ಅಲ್ಲಿಂದ ಪ್ಲಾನ್ ನಮ್ಮ ಕೈ ತಪ್ಪಿತು. ಟೆಂಟು ನೋಡೋಣ ಅಂತ ಹಿತ್ತಲಲ್ಲಿ ಹೂಡಿದರೆ ಓಣಿಯ ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡು ಬಂದರು. ನಮ್ಮ ಕಡೆ ಮನೆಗೆ ಹಂದರ ಬಿದ್ದರೆ ಮದುವೆ, ಇಲ್ಲವೇ ಸಾವು. ಮದುವೆಗೆ ಬಂದ ಹುಡುಗಿ ನಮ್ಮ ಮನೆಯಲ್ಲಿ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತಿದ್ದದ್ದರಿಂದ ಒಬ್ಬಾಕೆ ಬಂದವಳೇ ಅಳಲು ಶುರುಮಾಡಿಬಿಟ್ಟಳು. ಆಕೆಗೆ ಚಹಾ ಕೊಟ್ಟು ಸಮಾಧಾನ ಮಾಡಿ ಕಳಿಸಿದೆವು. ಅತ್ತೆ ಮಾತ್ರ ಟೆಂಟನ್ನು ಮೆಚ್ಚಿಕೊಂಡರು. ಇಳಿಜಾರು ಚಲೋ ಐತಿ ಅಂತ ಅದರ ಮೇಲೆ ಸಂಡಿಗೆ ಒಣಹಾಕಿದರು. ಘಟ್ಟಕ್ಕೆ ಬುತ್ತಿ ಕಟ್ಟುವ ಕೆಲಸವೂ ಶುರುವಾಯಿತು: ಖಡಕ್ ರೊಟ್ಟಿ, ಗುರೆಳ್ಳು ಹಿಂಡಿ, ಶೇಂಗಾ ಹೋಳಿಗೆ. ಘಟ್ಟದ ಜನ ಊಟಮಾಡುವುದಿಲ್ಲ ಅನ್ನುವಷ್ಟು ಬುತ್ತಿ.

ಇಷ್ಟಾದ ಮೇಲೆ ಮಠದ ಅಯ್ಯನವರನ್ನು ಕೇಳದಿದ್ದರೆ ಹೇಗೆ. ನಮ್ಮವರಿಗೆ ಶುಕ್ರವಾರ ಸಂಜೆ ಕೋರ್ಟ್ ಮುಗಿದ ಮೇಲೆ ಹೊರಡುವುದಿತ್ತು, ಆ ಶನಿವಾರ ಹೇಗೂ ರಜೆ. ಅಯ್ಯನವರು ಪಂಚಾಂಗ ತೆಗೆದು, ಶುಕ್ರವಾರ ಪಶ್ಚಿಮಕ್ಕೆ ಕಾಲಿಡಬಾರದು, ದಿಕ್ಕುಶೂಲ ಅಂದರು. ಘಟ್ಟ ಇರುವುದೇ ಪಶ್ಚಿಮಕ್ಕೆ. ಘಟ್ಟವನ್ನು ಸರಿಸಲು ಬರುವಂತಿರಲಿಲ್ಲ. ಅದಕ್ಕೆ ಅಯ್ಯನವರು ಒಂದು ದಾರಿ ತೋರಿಸಿದರು, ಪ್ರಸ್ಥಾನ ಇಡುವುದು.

ಇದು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಹೊರಡುವ ದಿನ ಒಳ್ಳೆಯದಿಲ್ಲದಿದ್ದರೆ, ಅದಕ್ಕೂ ಮುಂಚೆ ಒಂದು ಒಳ್ಳೆಯ ಗಳಿಗೆಯಲ್ಲಿ ಅಕ್ಕಿ, ಅಡಿಕೆ, ಅರಿಶಿನದ ಕೊಂಬು ಒಂದು ಬಟ್ಟೆಯಲ್ಲಿ ಕಟ್ಟಿ ಬೇರೆಯವರ ಮನೆಯಲ್ಲಿ ಇಟ್ಟುಬರುವುದು. ಆ ಗಂಟು ಹೊಸ್ತಿಲು ದಾಟಿತು ಅಂದರೆ ಪ್ರಯಾಣ ಶುರುವಾದ ಹಾಗೆಯೇ ಲೆಕ್ಕ. ಆಮೇಲೆ ನಾವು ಯಾವಾಗ ಹೋದರೂ ದೋಷವಿಲ್ಲ. ಶರತ್ತು ಒಂದೇ: ಹಾಗೆ ಹೊರಟವರು ಅರ್ಧಕ್ಕೆ ಮನೆಗೆ ಹೊಳ್ಳಿ ಬರುವಂತಿಲ್ಲ.

ಸಾಮಾನ್ಯರು ಗಂಟನ್ನು ಎದುರುಮನೆಯಲ್ಲಿ ಇಡುತ್ತಾರೆ. ನಮ್ಮವರಿಗೆ ಗಂಟೊಂದೇ ಯಾಕೆ, ಜೀಪನ್ನೇ ಪ್ರಸ್ಥಾನ ಇಟ್ಟರೆ ಹೇಗೆ ಅನ್ನಿಸಿತು. ಕಾನೂನಿನ ಪ್ರಕಾರ ಇನ್ನೂ ಗಟ್ಟಿ ಅಂದರು. ಆದರೆ ಜೀಪು ನಿಲ್ಲಿಸುವಷ್ಟು ಅಂಗಳ ಇದ್ದ ಬೀಗರು ಬಿಜ್ಜರು ಪಶ್ಚಿಮಕ್ಕೆ ಒಬ್ಬರೂ ಇರಲಿಲ್ಲ. ಇದ್ದವರು ಅಕ್ಕಿಆಲೂರಿನ ಕಾಕಾ, ಅಂದರೆ ನನ್ನ ಮಾವನವರ ತಮ್ಮ. ಅವರದು ಅಕ್ಕಿ ಗಿರಣಿ, ಮುಂದೆ ಭತ್ತ ಒಣಗಿಸುವ ದೊಡ್ಡ ಅಂಗಳ. ಅಕ್ಕಿಆಲೂರು ಘಟ್ಟಕ್ಕೆ ಬೆನ್ನು ಮಾಡಿ ಹೋಗುವ ದಾರಿ. ಅಯ್ಯನವರು ಸ್ವಲ್ಪ ಹೊತ್ತು ಕಣ್ಣುಮುಚ್ಚಿ, ನಡೀತೈತಿ ಅಂದರು. ಹೀಗೆ ಬುಧವಾರ ಬೆಳಿಗ್ಗೆ, ಸವಣೂರಿನ ಮಿಸ್ತ್ರಿಯ ಸಾರಥ್ಯದಲ್ಲಿ, ಸ್ಟೇರಿಂಗಿಗೆ ಗಂಟು ಕಟ್ಟಿಸಿಕೊಂಡು, ಒಳಗೆ ಟೆಂಟು ಮತ್ತು ಬುತ್ತಿ ತುಂಬಿಕೊಂಡು, ಬಾನೆಟ್ಟಿಗೆ ಚೆಂಡುಹೂ ಸಿಕ್ಕಿಸಿಕೊಂಡು, ನಮ್ಮ ಜೀಪು ಪಶ್ಚಿಮದ ಘಟ್ಟಕ್ಕೆಂದು ಪೂರ್ವಕ್ಕೆ ಹೊರಟಿತು.

ಶುಕ್ರವಾರ ಸಂಜೆ ಅತ್ತೆ, ನಮ್ಮವರು, ನಾನು ಬಸ್ಸು ಹಿಡಿದು ಅಕ್ಕಿಆಲೂರಿಗೆ ಹೋದೆವು. ಅಂಗಳದಲ್ಲಿ ಭತ್ತ ಇತ್ತು. ಜೀಪಿರಲಿಲ್ಲ. ಟೆಂಟು ಕಟ್ಟೆಯ ಮೇಲೆ ಬಿದ್ದಿತ್ತು.

ಕಾಕು, ಅಂದರೆ ಕಾಕಾನ ಹೆಂಡತಿ, ಕೈಕಾಲಿಗೆ ನೀರು ಕೊಡುತ್ತಲೇ ಸಂಭ್ರಮದಿಂದ ವರದಿ ಒಪ್ಪಿಸಿದರು. ಮಾಸೂರಿನಲ್ಲಿ ತಮ್ಮ ಮಗನಿಗೆ ಕನ್ಯೆ ನೋಡುವುದಿತ್ತು. ಬಸ್ಸಿನಲ್ಲಿ ಹೋದರೆ ಹಿರೇಕೆರೂರಿನಲ್ಲಿ ಇಳಿದು ಮತ್ತೆ ಕಾಯಬೇಕು. ಅಷ್ಟರಲ್ಲಿ ಹೂವು ಮುಡಿದ ಜೀಪು, ಅಕ್ಕಿ ಅಡಿಕೆ ಅರಿಶಿನ ಸಮೇತ, ತಾನಾಗಿಯೇ ಬಾಗಿಲಿಗೆ ಬಂದು ನಿಂತಿದೆ. ಇದಕ್ಕಿಂತ ಒಳ್ಳೆಯ ಶಕುನ ಯಾವುದು. ನಿಂತ ಗಾಡಿ ತಣ್ಣಗಾಗಿ ಕೆಡುತ್ತದೆ ಅಂತ ಮಿಸ್ತ್ರಿಯೂ ಹೇಳಿದನಂತೆ. ಜಾಗ ಸಾಲದ್ದಕ್ಕೆ ಟೆಂಟನ್ನು ಇಳಿಸಿ, ಬುತ್ತಿಯನ್ನು ದಾರಿಗಿರಲಿ ಅಂತ ಜೀಪಿನಲ್ಲೇ ಬಿಟ್ಟು, ಕಾಕುವೊಬ್ಬರನ್ನು ಬಿಟ್ಟು ಉಳಿದವರೆಲ್ಲ ಅಂದು ಮುಂಜಾನೆಯೇ ಹೋಗಿದ್ದರು.

ಶನಿವಾರ ಮಧ್ಯಾಹ್ನ ಬಸ್ಸಿನ ಕಂಡಕ್ಟರನೊಬ್ಬ ಸುದ್ದಿ ತಂದ. ಕನ್ಯೆ ಒಪ್ಪಿಗೆಯಾಗಿತ್ತು. ಆ ಖುಷಿಯಲ್ಲಿ ಮದಗದ ಕೆರೆ ನೋಡಲು ಹೋಗಿ, ಕೆರೆ ಕೆಳಗಿನ ಗದ್ದೆಯಲ್ಲಿ ಜೀಪು ಸಿಕ್ಕಿಕೊಂಡು, ಮಿಸ್ತ್ರಿಯೇ ಸ್ವತಃ ಸಣ್ಣ ಲಿವರ್ ಎಳೆದು, ಅದು ಅಲ್ಲೇ ಕಚ್ಚಿಕೊಂಡು ಕೂತಿತ್ತು. ಈಗ ಮಿಸ್ತ್ರಿ ಇಡೀ ಗಾಡಿಯನ್ನು ಬಿಚ್ಚಿದ್ದಾನೆ. ಯಾವ ಲಡಾಯಿ ಹತ್ತಿತ್ತು ಅಂತ ನಮ್ಮವರು ಕೇಳುವಷ್ಟರಲ್ಲಿ ಕಂಡಕ್ಟರ ಸೀಟಿ ಊದಿ ಬಸ್ಸು ಹತ್ತಿದ.

ನಮ್ಮವರು ಕಟ್ಟೆಯ ಮೇಲೆ ಕೂತು, ಸಂಜೆ ಬಸ್ಸಿಗೆ ಹಾನಗಲ್ಲಿಗೆ ಹೋಗೋಣ ಅಂತ ತಾಯಿಗೆ ಹೇಳಿದ್ದು ಒಳಗೆ ನನಗೆ ಕೇಳಿಸಿತು. ನಾನು ಬಾಗಿಲ ಹಿಂದೆ ನಿಂತಿದ್ದೆ. ಹಲಗೆಯ ಗೋಡೆ, 'ಯಾರರೆ' ಒಂದು ತಂಬಿಗೆ ನೀರು, ಎಲ್ಲ ಮತ್ತೆ ಕಣ್ಣಮುಂದೆ ಬಂತು. ಇನ್ನೊಂದು ಪ್ಲಾನ್ ಹಾಕುವ ಧೈರ್ಯ ಈ ಮನುಷ್ಯನಿಗೆ ಮತ್ತೆ ಬರುವುದಿಲ್ಲ ಅಂತ ನನಗೆ ಖಾತ್ರಿಯಿತ್ತು.

"ಹೊಳ್ಳಿ ಹೋಗೂದ್ಹೆಂಗ?" ಅಂದರು ಅತ್ತೆ. "ಪ್ರಸ್ಥಾನ ಮುಂದ ಹೋಗಿ ಮಾಸೂರಾಗ ಕುಂತೈತಿ."

"ಮತ್ತೇನ್ ಮಾಡೂದವ್ವಾ, ಘಟ್ಟಕ್ಕಂತೂ ಹೋಗೂದಾಗೂದಿಲ್ಲ."

"ಘಟ್ಟ ಯಾರು ಕೇಳಿದ್ರು. ಎರಡು ರಾತ್ರಿ ಬಟ್ಟಿ ಮನ್ಯಾಗ ಇರ್ತೇನಂತ ಅಯ್ಯನವರ ಮುಂದ ಹೇಳೀದಿ. ನಿನ್ನಿ ರಾತ್ರಿ ಅಂತೂ ಹೋತು. ಉಳದದ್ದೊಂದರೆ ನಡೀಲಿ. ಅಂಗಳದಾಗ ಹಾಕು."

ಕಾಕು ಒಳಗಿಂದ ಓಡಿ ಬಂದರು. ಇಷ್ಟು ದೊಡ್ಡ ಮನೆ ಇಟ್ಟುಕೊಂಡು ಭಾವನ ಮಗನನ್ನು ಅಂಗಳದಲ್ಲಿ ಮಲಗಿಸಿದರೆ ಊರವರು ಏನು ಅಂದಾರು ಅನ್ನುವುದು ಅವರ ಸಂಕಟ. ಅತ್ತೆ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ನೀವೂ ಅದರಾಗ ಮಲಗತೀರೇನಕ್ಕಾ?" ಅಂತ ಕಾಕು ಕೇಳಿದರು.

"ನನ್ನ ಮೊಣಕಾಲು ಹಿಡದಾವು. ನೆಲದ ಮ್ಯಾಲ ನಾ ಯಾಕ ಮಲಗಲಿ?"

ಘಟ್ಟದ ನೆತ್ತಿಗೆ ಬರಲು ತಯಾರಾಗಿದ್ದ ಮೊಣಕಾಲುಗಳು ಅವು. ಅಕ್ಕಿಆಲೂರಿನ ಸಮತಟ್ಟು ಅಂಗಳದಲ್ಲಿ ಒಮ್ಮೆಲೇ ಹೇಗೆ ಹಿಡಿದುಕೊಂಡವು ಅಂತ ನಾನು ಅವರನ್ನು ಕೇಳಲಿಲ್ಲ. ಅವರು ಬದುಕಿರುವತನಕ ಕೇಳಲಿಲ್ಲ. ಅವರ ಮುಖದಲ್ಲಿ ಯಾವ ನಗೆಯೂ ಇರಲಿಲ್ಲ, ವಿಭೂತಿ ಮಾತ್ರ ಇತ್ತು.

ಗಿರಣಿಯ ಹೆಣ್ಣಾಳುಗಳು ಭತ್ತವನ್ನು ಒಂದು ಕಡೆ ಸರಿಸಿ ಜಾಗ ಮಾಡಿಕೊಟ್ಟು, ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತ ನಿಂತರು. ಗಿರಣಿಯ ಪಕ್ಕದಲ್ಲಿ ಹೊಟ್ಟಿನ ದೊಡ್ಡ ರಾಶಿ ಇತ್ತು. ನಮ್ಮವರು ಟೆಂಟಿನ ಬಾಗಿಲನ್ನು ಅದಕ್ಕೆ ಎದುರಾಗಿ ಹೂಡಿ, ಮೌಂಟನ್ ವ್ಯೂ ಅಂದರು, ಹಗಲು ಹೊತ್ತಿನಲ್ಲಿ, ನನಗೆ. ನಾನು ಗಾಬರಿಯಾಗಿ ಅತ್ತಿತ್ತ ನೋಡಿದೆ.

ರಾತ್ರಿ ಟೆಂಟಿನೊಳಗೆ ರಬ್ಬರಿನ ವಾಸನೆ. ಹೊರಗೆ ಅಷ್ಟಗಲದ ಅಂಗಳದಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಎರಡು ವರ್ಷದಿಂದ ಕಾದಿಟ್ಟ ಮಾತುಗಳು ನನ್ನ ಹತ್ತಿರ ಬೇಕಾದಷ್ಟಿದ್ದವು. ಆದರೆ ಅವರು ನನ್ನ ಕಿವಿಯ ಹತ್ತಿರ ಬಂದು, ಚಳಿ ಆಗಾಕತ್ತೈತೇನು ಅಂತ ಪಿಸುಗುಟ್ಟಿದರು. ನಾನೂ ಅವರ ಕಿವಿಗೆ ಬಾಯಿಟ್ಟು, ಇಲ್ಲ ಅಂದೆ. ಹಾಗೇ ಪಿಸುಗುಟ್ಟುತ್ತ ಪಿಸುಗುಟ್ಟುತ್ತ ನಿದ್ದೆ ಹೋದೆವು. ಅಭ್ಯಾಸ ಅನ್ನುವುದು ಯಾವ ಗೋಡೆಗೂ ಕಡಿಮೆಯಲ್ಲ.

ಬೆಳಿಗ್ಗೆ ಎಚ್ಚರವಾದಾಗ ಅವರು ಇರಲಿಲ್ಲ. ಹೊರಗೆ ಇಬ್ಬನಿಗೆ ಭತ್ತ ತೊಯ್ದಿತ್ತು. ನೋಡಿದರೆ ಅವರು ಅಡಿಗೆಮನೆಯ ಬಾಗಿಲಲ್ಲಿ, ಎರಡು ಕೈಯಲ್ಲಿ ಎರಡು ಕಪ್ಪು ಹಿಡಿದು ನಿಂತಿದ್ದರು. ತಾಯಿಯ ಕೈಗೆ ಒಂದು ಕಪ್ಪು ಕೊಟ್ಟು, ಇದನ್ನ ಯಾರಿಗರೆ ಮುಟ್ಟಿಸು ಅನ್ನಬಹುದಿತ್ತು. ಅತ್ತೆ ಅಲ್ಲೇ ಕೂತು ಅಕ್ಕಿ ಆರಿಸುತ್ತಿದ್ದರು. ಅವರು ಕತ್ತು ಎತ್ತಲಿಲ್ಲ, ಕೈಯನ್ನೂ ಚಾಚಲಿಲ್ಲ. ನಮ್ಮವರು ಇಡೀ ಅಂಗಳದ ಈಚೆಗೆ ನನಗೆ ಕೇಳುವ ಹಾಗೆ, ಕೋರ್ಟಿನ ಧ್ವನಿಯಲ್ಲಿ ಕೇಳಿದರು:

"ಚಹಾಕ್ಕ ಸಕ್ಕರಿ ಎಷ್ಟು ಹಾಕಲಿ ನಿನಗ?"

ಎರಡು ವರ್ಷದ ಸಂಸಾರದಲ್ಲಿ ಅವರಿಗೆ ಗೊತ್ತಿರಲಿಲ್ಲ. ಭತ್ತ ಹರವಲು ಬಂದ ಹೆಣ್ಣಾಳುಗಳು ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. ಸಿಸ್ಟರುಗಳು ಕಲಿಸಿದ ಮ್ಯಾನರ್ಸೂ ಅತ್ತೆ ಕಲಿಸಿದ ಮ್ಯಾನರ್ಸೂ ಒಟ್ಟಿಗೇ ಮರೆತುಹೋದವು.

"ಎರಡು ಚಮಚಾ ರೀ" ಅಂದೆ. ಕಿರುಚಿದೆ ಅಂದರೂ ಸರಿಯೇ.

"ಕೇಳಿಸ್ತವ್ವಾ," ಅಂದರು ಅಡಿಗೆಮನೆಯೊಳಗಿಂದ ಕಾಕು, "ಮಾಸೂರಿನವರಿಗೂ ಕೇಳಿಸ್ತು."