ಕಾಯುವ ಕಟ್ಟಳೆ

ಬರ್ ದುಬೈಯ ನಮ್ಮ ರೂಮಿನಲ್ಲಿ ಸಂಜೆಯ ಅಡುಗೆ ಉಡುಪಿ ಕಡೆಯ ಕ್ಯಾಥೋಲಿಕರೊಬ್ಬರದು. ಯಾರಾದರೂ ಮೊದಲೇ ಪಾತ್ರೆಗೆ ಕೈ ಹಾಕಿದರೆ ಸೌಟು ಅಡ್ಡ ಹಿಡಿದು, “ಕಾಯಬೇಕು ಮಾರಾಯ್ರೇ” ಎನ್ನುತ್ತಿದ್ದರು. ಒಟ್ಟಿಗೆ ಉಣ್ಣಲು ಸೇರಿದವರು ಒಬ್ಬರಿಗೊಬ್ಬರು ಕಾಯಬೇಕೆಂಬುದು ಅವರ ಧರ್ಮದ ಮೊದಲ ದಿನಗಳ ಕಟ್ಟಳೆಯಂತೆ. ಹಸಿದ ನನಗೆ ಅದು ಶುದ್ಧ ಹಟವಾಗಿ ಕಾಣುತ್ತಿತ್ತು.

ತೊಂಬತ್ತರ ದಶಕದ ಒಂದು ರಂಜಾನ್. ನಮ್ಮ ಜೊತೆಗಿದ್ದ ಬ್ಯಾರಿ ಡ್ರೈವರ್ ಉಪವಾಸದಲ್ಲಿದ್ದ. ಮಸೀದಿಯ ಬಾಂಗ್ ಕೇಳಿ ಬಹಳ ಹೊತ್ತಾದರೂ ಅವನು ಬರಲಿಲ್ಲ. ಅಡುಗೆಯವರು ಗಂಜಿಯ ಪಾತ್ರೆಗೆ ಮುಚ್ಚಳ ಹಾಕಿ ಬಾಗಿಲು ನೋಡುತ್ತ ಕೂತರು, ನಮ್ಮನ್ನೂ ಕೂರಿಸಿದರು. ಕೊನೆಗೆ ಬಂದವನು ನಮ್ಮನ್ನು ಕಂಡು ಕಕ್ಕಾಬಿಕ್ಕಿಯಾದ.

“ನಾನು ಗಾಡಿಯಲ್ಲೇ ನೀರು ಕುಡಿದು ಉಪವಾಸ ಬಿಟ್ಟೆ. ಬಾಂಗ್ ಆದ್ಮೇಲೆ ತಡ ಮಾಡ್ಬಾರ್ದು, ಅದು ನಮ್ಮ ನಿಯಮ. ನೀವ್ಯಾಕೆ ಉಪವಾಸ ಕೂತದ್ದು?”

“ಬರೀ ನೀರಾ?” ಎಂದಷ್ಟೇ ಕೇಳಿ ಅವರು ಗಂಜಿ ಬಡಿಸಿದರು.

ಮರುದಿನದಿಂದ ಬೆಳಿಗ್ಗೆ ಅವನು ಹೊರಡುವಾಗ ಜೇಬಿಗೆ ಖರ್ಜೂರದ ಪೊಟ್ಟಣ ತುರುಕತೊಡಗಿದರು: “ಬಾಂಗ್ ಆದ ಕೂಡ್ಲೆ ತಿನ್ನು. ನಮಗೆ ಕಾಯ್ಬೇಡ.”

ಆದರೆ ಸಂಜೆ ಅವನಿಗೆ ತಡವಾದರೆ ನಾವು ಕಾಯುವುದು ತಪ್ಪಲಿಲ್ಲ. ಅಂಥದ್ದೇ ಒಂದು ಸಂಜೆ ರೂಮಿಗೆ ಹೊಸದಾಗಿ ಬಂದವರೊಬ್ಬರು ಮುಚ್ಚಳ ತೆಗೆಯಹೋದರು. “ಕಾಯಬೇಕು ಮಾರಾಯ್ರೇ” ಎಂದು ಸೌಟು ಅಡ್ಡ ಹಿಡಿದವನು ನಾನು.