ಬ್ಯಾಟರಿ ಮೇಲೆ ಬಂದ ವಿಭೂತಿ

ನಾನು ಹೊಳಲ್ಕೆರೆಯ ಈ ಮನೆಯ ಯಜಮಾನಿ. ನನ್ನನ್ನು ಕೇಳದೆ ಇಲ್ಲಿ ಒಲೆಯೂ ಹೊತ್ತುವುದಿಲ್ಲ, ಗೆಳೆಯರೇ. ಇವತ್ತು ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಬಾನೆಟ್ ಎತ್ತಿದ ಮೈದುನ ಕೂಗಿದ: “ಅತ್ತಿಗೆಮ್ಮಾ, ಬರ್ರಿ! ಬ್ಯಾಟರಿ ಮೇಲೆ ತಾನಾಗೇ ವಿಭೂತಿ ಬಂದೈತೆ!”

ಹೋಗಿ ನೋಡಿದರೆ, ವೈರು ಕೂಡುವ ಕಡೆ ಕಟ್ಟಿದ್ದ ಬಿಳಿ ಪುಡಿಯನ್ನು ಹಣೆಗೆ ಬಳಿದುಕೊಂಡು, ನನ್ನ ಮೊಮ್ಮಗುವಿಗೂ ಹಚ್ಚಲು ಬೆರಳು ಚಾಚಿದ್ದ! ಅವನ ಕೈಗೆ ಒಂದು ಬಿಟ್ಟೆ.

“ಲೇ, ಅದು ಆಸಿಡ್ ಕಿಲುಬು! ಟ್ರ್ಯಾಕ್ಟರ್ ಬ್ಯಾಟರಿಯಿಂದ ನಿಮ್ಮಣ್ಣನ ಪಂಚೆ ತೂತಾಗಿದ್ದು ಮರೆತ್ಯಾ? ಮಗು ಕಣ್ಣಿಗೆ ಬಿದ್ದಿದ್ರೆ?”

“ಅದಕ್ಕೇ ಹಣೆ ಉರೀತೈತೆ! ನಾನು ದೇವರ ಶಕ್ತಿ ಅಂದ್ಕಂಡೆ.”

ಅವನ ಹಣೆ ತೊಳೆಸಿದೆ. ಬ್ಯಾಟರಿಯ ಕಿಲುಬನ್ನು ಬಿಸಿನೀರಿನಿಂದ ತೊಳೆಸಿ ವೈರು ಬಿಗಿ ಮಾಡಿಸಿದೆ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಇನ್ನು ನನ್ನನ್ನು ಕೇಳದೆ ಬಾನೆಟ್ಟೂ ತೆರೆಯುವುದಿಲ್ಲ. ಕಾರಿನ ಕೀ ನನ್ನ ಸೊಂಟದ ಬೀಗದಕೈ ಗೊಂಚಲು ಸೇರಿದೆ.